ಅಂಜಿನವ್ವನ ನೀರುನಾಯಿ

"ಅಗೋ, ಅಲ್ಲಿ" ಎಂದು ದೋಣಿಯವನು ಮೆಲ್ಲಗೆ ಬೆರಳು ತೋರಿಸಿದ್ದೇ ತಪ್ಪಾಯಿತು. "ಎಲ್ಲಿ? ಎಲ್ಲೈತೆ?" ಎಂದು ಹತ್ತು ಹೆಂಗಸರು ಒಟ್ಟಿಗೆ ಕೂಗಿದರು. ಅಘನಾಶಿನಿಯ ಹಿನ್ನೀರಿನಲ್ಲಿ ಬುಳಕ್ ಎಂದು ಸದ್ದಾಯಿತು, ಒಂದಿಷ್ಟು ಗುಳ್ಳೆ ಎದ್ದವು, ಮುಗಿಯಿತು. ದೋಣಿಯ ಮುಂತುದಿಯಲ್ಲಿ ಕುಳಿತಿದ್ದ ಅಂಜಿನವ್ವ ತಿರುಗುವಷ್ಟರಲ್ಲಿ ಅಲ್ಲಿ ಏನೂ ಇರಲಿಲ್ಲ.

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ದುಡಿಯುವ ಹೆಂಗಸರವರು. ಎರಡು ದಿನ ರಜೆ ಹಾಕಿ ಪ್ರವಾಸ ಬಂದಿದ್ದರು. ಬೆಳಗಿನಿಂದಲೂ ಇದೇ ಕಥೆ. ಮಿರ್ಜಾನ್ ಕೋಟೆಯೊಳಗೆ ನವಿಲು ಇತ್ತಂತೆ. ಇವರು ಹೆಬ್ಬಾಗಿಲು ದಾಟುವ ಮೊದಲೇ ಹಾರಿಹೋಯಿತು. ಕೋಟೆಯ ಹಿಂದಿನ ಮರದಲ್ಲಿ ಮಂಗಟ್ಟೆ ಹಕ್ಕಿ ಕೂತಿತ್ತಂತೆ. ಇವರಿಗೆ ಕಂಡಿದ್ದು ಅಲ್ಲಾಡುವ ಕೊಂಬೆ ಮಾತ್ರ. ಪಾಪ, ಅವರದ್ದೂ ತಪ್ಪಿಲ್ಲ. ಭತ್ತ ಸುಲಿಯುವ ಯಂತ್ರದ ಅಬ್ಬರದಲ್ಲಿ, ಒಲೆಗೆ ಗಾಳಿ ಊದುವ ಫ್ಯಾನಿನ ಪಕ್ಕದಲ್ಲಿ ಇಪ್ಪತ್ತು ಮೂವತ್ತು ವರ್ಷ ಮಾತಾಡಿದವರಿಗೆ ಪಿಸುಮಾತು ಎಂದರೆ ಪಕ್ಕದ ಬೀದಿಗೆ ಕೇಳಿಸದ ಹಾಗೆ ಕೂಗುವುದು.

ಉಳಿದವರಿಗೆ ನೀರುನಾಯಿ ಕಂಡರೂ ಒಂದೇ, ಬಿಟ್ಟರೂ ಒಂದೇ. ಸಮುದ್ರ ನೋಡಿಯಾಗಿತ್ತು, ಸೀರೆ ನೆನೆಸಿಕೊಂಡಾಗಿತ್ತು. ಅಂಜಿನವ್ವನಿಗೆ ಹಾಗಲ್ಲ. ಅವಳ ತವರು ಹರಿಹರದ ಆಚೆಯ ನಂದಿಗುಡಿ. ಚಿಕ್ಕವಳಿದ್ದಾಗ ತುಂಗಭದ್ರೆಯ ದಡದಲ್ಲಿ ನೀರುನಾಯಿ ಮೀನು ಹಿಡಿದು ತಿನ್ನುವುದನ್ನು ಕಣ್ಣಾರೆ ಕಂಡಿದ್ದಳು. ಮದುವೆಯಾಗಿ ಬಂದು ಭಟ್ಟಿ ಸೇರಿದ ಮೊದಲ ವಾರವೇ ಅದನ್ನು ಹೇಳಿದಳು. ಒಬ್ಬರೂ ನಂಬಲಿಲ್ಲ. ಅಂದಿನಿಂದ ಭಟ್ಟಿಯಲ್ಲಿ ಯಾರು ಬುರುಡೆ ಬಿಟ್ಟರೂ "ಅಂಜಿನವ್ವನ ನೀರುನಾಯಿ ಬಂತು" ಎಂದು ನಗುವುದು ವಾಡಿಕೆಯಾಯಿತು. ಅದನ್ನು ಶುರು ಮಾಡಿದವಳು ದಿಲ್ಷಾದ್ ಬೇಗಂ. ಪಕ್ಕದ ಒಲೆಯವಳು, ಜೀವದ ಗೆಳತಿ. ನಿನ್ನೆ ಬಸ್ಸು ಹರಿಹರದ ಸೇತುವೆ ದಾಟುವಾಗಲೂ ಅವಳು ಕಿಟಕಿಯಿಂದ ಇಣುಕಿ, "ನಿನ್ನ ನಾಯಿ ಬಾಲ ಅಲ್ಲಾಡಿಸ್ತಾ ಐತೇನು ನೋಡವ್ವ" ಎಂದು ಇಡೀ ಬಸ್ಸನ್ನು ನಗಿಸಿದ್ದಳು. ಅಂಜಿನವ್ವನೂ ನಕ್ಕಿದ್ದಳು. ಆದರೆ ಬರುವ ತಿಂಗಳು ಅವಳು ಕೆಲಸ ಬಿಡುವವಳು. ನಲವತ್ತು ವರ್ಷ ದುಡಿದ ಜಾಗದಿಂದ ಸುಳ್ಳುಗಾತಿಯಾಗಿ ಹೊರಗೆ ಹೋಗುವುದು ಅವಳಿಗೆ ಬಹಳ ಸಂಕಟವಾಗಿತ್ತು.

"ಎಂತ ಮಾಡೂದು ಅಕ್ಕಾ, ಹೀಗೆ ಕೂಗಿದ್ರೆ ಅದು ಬರೂದಿಲ್ಲ" ಎಂದ ದೋಣಿಯವನು. "ನೀರು ಇಳೀತದೆ. ಇನ್ನು ಕಾಲು ಗಂಟೆ, ಆಮೇಲೆ ದೋಣಿ ತಿರುಗಿಸ್ಲೇಬೇಕು."

"ಸುಮ್ನಿರ್ರೇ ಎಲ್ರೂ" ಎಂದು ಪುಟ್ಟಕ್ಕ ಗದರಿದಳು. ಆ ಗದರಿಕೆಗೆ, ಉಪ್ಪುನೀರಲ್ಲಿ ಬೇರು ಬಿಟ್ಟು ನಿಂತಿದ್ದ ಕಾಂಡ್ಲಾ ಗಿಡಗಳ ಮೇಲಿನ ಕೊಕ್ಕರೆಗಳೂ ಎದ್ದು ಹೋದವು.

"ಹೋಗ್ಲಿ ಬಿಡು ಅಂಜಿನವ್ವ" ಎಂದಳು ದಿಲ್ಷಾದ್ ಬೇಗಂ. ಗೆಳತಿಯ ಮುಖ ನೋಡಿ ಅವಳಿಗೂ ಕೆಡುಕೆನಿಸಿತ್ತು. "ಕಂಡ್ವಿ ಅಂತ ಊರಾಗೆ ಹೇಳಾಣ. ಯಾರು ಬಂದು ನೋಡ್ತಾರೆ?"

"ಬ್ಯಾಡ. ಸುಳ್ಳು ಹೇಳೋಳಾಗಿದ್ರೆ ನಲವತ್ತು ವರ್ಷ ಯಾಕ ಬೈಸ್ಕೊಂತಿದ್ದೆ ನಾನು?"

ಹಾಗೆಂದವಳೇ ಅಂಜಿನವ್ವ ದೋಣಿಯಲ್ಲಿ ಮೊಣಕಾಲೂರಿ ಎಲ್ಲರ ಕಡೆ ತಿರುಗಿದಳು. ಬಲಗೈ ಎತ್ತಿ, ಅಂಗೈ ಕೆಳಗೆ ಮಾಡಿ, ನಿಧಾನಕ್ಕೆ ಒತ್ತಿದಳು. ಭಟ್ಟಿಯಲ್ಲಿ ಯಂತ್ರ ಜೋರಾಗಿ ತಿರುಗುವಾಗ ಯಾರ ಕೂಗೂ ಯಾರಿಗೂ ಕೇಳುವುದಿಲ್ಲ. ಆಗ ಕೆಲಸ ನಡೆಯುವುದೆಲ್ಲ ಕೈಸನ್ನೆಯಲ್ಲೇ. ಅಂಗೈ ಒತ್ತಿದರೆ ಉರಿ ತಗ್ಗಿಸು ಎಂದು. ಎರಡು ಬೆರಳು ಎತ್ತಿದರೆ ಉಪ್ಪುನೀರು ತಾ ಎಂದು. ಬಿಗಿದ ಮುಷ್ಟಿಯನ್ನು ಅರಳಿಸಿದರೆ ಅಕ್ಕಿ ಚೆನ್ನಾಗಿ ಅರಳಿತು ಎಂದು. ಕೈಸನ್ನೆ ಶುರುವಾಯಿತೆಂದರೆ ಯಾವ ಒಲೆಯವಳೂ ಬಾಯಿ ತೆರೆಯುವುದಿಲ್ಲ. ಅಷ್ಟು ವರ್ಷದ ರೂಢಿ.

ದೋಣಿ ಗಪ್ಪಾಯಿತು. ಮಾತು ನಿಂತಿರಲಿಲ್ಲ, ಅದು ಕೈಗೆ ಇಳಿದಿತ್ತು ಅಷ್ಟೆ. ಖುರ್ಷೀದಾ ಪುಟ್ಟಕ್ಕನಿಗೆ ಮಂಡಕ್ಕಿ ಚೀಲ ಒಳಗಿಡು ಎಂದು ಸನ್ನೆ ಮಾಡಿದಳು. ಪುಟ್ಟಕ್ಕ, ಈ ಕಡಲಗಾಳಿಗೆ ಅದು ಹೇಗೂ ಮೆತ್ತಗಾಗಿದೆ, ಸದ್ದು ಮಾಡುವುದಿಲ್ಲ ಎಂದು ಬೆರಳಲ್ಲೇ ಉತ್ತರಿಸಿದಳು. ದೋಣಿಯವನು ಹುಟ್ಟು ಎತ್ತಿ ಹಿಡಿದು ಬೆರಗಾಗಿ ನೋಡಿದ. ಹುಟ್ಟಿನಿಂದ ಹನಿ ಬೀಳುವ ಸದ್ದು ಕೇಳುತ್ತಿತ್ತು. ಇಷ್ಟು ಮೌನವನ್ನು ಅಂಜಿನವ್ವ ನಂದಿಗುಡಿ ಬಿಟ್ಟ ಮೇಲೆ ಕಂಡಿರಲಿಲ್ಲ.

ಐದು ನಿಮಿಷವಾಯಿತು, ಹತ್ತಾಯಿತು. ದೋಣಿಯವನು ಆಕಾಶ ನೋಡಿದ.

ಆಗ ಕಾಂಡ್ಲಾ ಬೇರುಗಳ ನಡುವೆ ಚಪ್ಪಟೆ ತಲೆಯೊಂದು ಎದ್ದಿತು. ಹಿಂದೆಯೇ ಇನ್ನೊಂದು. ಆಮೇಲೆ ಎರಡು ಮರಿಗಳು, ಒಂದರ ಮೇಲೊಂದು ಬೀಳುತ್ತಾ. ತಾಯಿ ಕೆಸರಿನ ದಡ ಹತ್ತಿ, ಎರಡು ಮುಂಗಾಲಲ್ಲಿ ಮೀನು ಹಿಡಿದುಕೊಂಡು, ಬಿಸಿ ಮಂಡಕ್ಕಿ ತಿಂದಂತೆ ಕರುಂ ಕರುಂ ಎಂದು ಅಗಿಯತೊಡಗಿತು. ದೋಣಿಯಲ್ಲಿದ್ದ ಪ್ರತಿಯೊಬ್ಬರಿಗೂ ಆ ಸದ್ದು ಕೇಳಿಸಿತು.

ಅಂಜಿನವ್ವ ಅದನ್ನು ಕಣ್ತುಂಬ ನೋಡಿದಳು. ಆಮೇಲೆ ಹೊರಳಿ ದಿಲ್ಷಾದ್ ಬೇಗಂಳನ್ನು ನೋಡಿದಳು. ಅವಳಿಗೆ ಹೇಳಬೇಕೆಂದು ನಲವತ್ತು ವರ್ಷದಿಂದ ಕಾಯ್ದಿಟ್ಟ ಮಾತುಗಳಿದ್ದವು, ಒಂದೂ ಬೇಕಾಗಲಿಲ್ಲ.

ದಿಲ್ಷಾದ್ ಬೇಗಂ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಿಧಾನವಾಗಿ ಬಲಗೈ ಎತ್ತಿ, ಬಿಗಿದ ಮುಷ್ಟಿಯನ್ನು ಅಂಜಿನವ್ವನ ಮುಂದೆ ಅರಳಿಸಿದಳು. ಅವಳ ಹಿಂದೆ ಪುಟ್ಟಕ್ಕನ ಮುಷ್ಟಿ ಅರಳಿತು, ಖುರ್ಷೀದಾಳದ್ದು ಅರಳಿತು, ದೋಣಿಯುದ್ದಕ್ಕೂ ಒಂದೊಂದಾಗಿ ಎಲ್ಲರದ್ದೂ. ಅರ್ಥವೇ ತಿಳಿಯದ ದೋಣಿಯವನು ಕೂಡ ಹುಟ್ಟನ್ನು ತೊಡೆಯ ಮೇಲಿಟ್ಟು, ತನ್ನ ಒದ್ದೆ ಮುಷ್ಟಿಯನ್ನು ಬಿಚ್ಚಿ ಹಿಡಿದ.