ಎರಡನೇ ಟ್ರ್ಯಾಕಿನ ಹೆಸರು

ಮದುವೆಯ ವಿಡಿಯೊ ಒಯ್ಯಲು ಮದುವಣಗಿತ್ತಿಯೇ ಸ್ಟುಡಿಯೊಗೆ ಬಂದಳು. ಅವಳಿಗೆ ಕಣ್ಣು ಕಾಣುವುದಿಲ್ಲ. ಅದಕ್ಕೇ ಅವಳ ತಂಗಿ ವಿಡಿಯೊ ನೋಡುತ್ತ ಇಡೀ ಮದುವೆಯನ್ನು ಬಾಯಲ್ಲಿ ಬಣ್ಣಿಸಿ, ದನಿ ಮುದ್ರಿಸಿ ಕಳಿಸಿದ್ದಳು. ನಾನು ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಕಮಾಂಡ್ ಬರೆದು, ಚಿತ್ರಕ್ಕೆ ಎರಡು ಆಡಿಯೊ ಟ್ರ್ಯಾಕ್ ಜೋಡಿಸಿ ಹೆಸರಿಟ್ಟಿದ್ದೆ: ‘ಮಂಟಪದ ಸದ್ದು’, ‘ತಂಗಿಯ ದನಿ’. ಆ ಹೆಸರುಗಳನ್ನು ಅವಳ ಫೋನು ಓದಿ ಹೇಳುತ್ತದೆ.

“ತಾಳಿ ಕಟ್ಟೋದನ್ನ ಹಾಕಿ,” ಎಂದಳು.

ಎರಡನೇ ಟ್ರ್ಯಾಕ್ ಹಾಕಿದೆ. “ಭಾವ ನಿನ್ನ ಮುಖದಿಂದ ಕಣ್ಣೇ ಕೀಳ್ತಿಲ್ಲ ಕಣೇ ಅಕ್ಕಾ!” ಎಂದಿತು ತಂಗಿಯ ದನಿ.

ಅವಳು ನಕ್ಕಳು. “ಬಾಯಿಬಡುಕಿ! ಊರೋರ ಸೀರೆ ಬಣ್ಣ ಎಲ್ಲಾ ಹೇಳಿದ್ದಾಳೆ. ತಾನು ಕಳಸ ಹಿಡ್ಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದನ್ನ ಮಾತ್ರ ಹೇಳಿಲ್ಲ. ನಿಜ ಹೇಳಿ, ಅವರು ನನ್ನನ್ನೇ ನೋಡ್ತಿದ್ದಾರಾ?”

ನಾನು ಆ ದೃಶ್ಯವನ್ನು ಹಿಂದಕ್ಕೆಳೆದು ಮತ್ತೊಮ್ಮೆ ನೋಡಿದೆ.

“ಯಾಕ್ರೀ ಮತ್ತೆ ಅದನ್ನೇ ಹಾಕಿದ್ರಿ? ಸಮಾಧಾನಕ್ಕೆ ಸುಳ್ಳು ಹೇಳೋರು ಮನೇಲೇ ಬೇಕಾದಷ್ಟಿದ್ದಾರೆ.”

“ಪಕ್ಕಕ್ಕೆ ನೋಡ್ತಿದ್ದಾರೆ,” ಎಂದೆ ಮೆಲ್ಲಗೆ. “ಆಮೇಲೆ ಅಕ್ಷತೆ ಬೀಳುವಾಗ, ನಿಮ್ಮ ಬೆನ್ನ ಹಿಂದೆ... ಒಂದು ಕೈ ಹಿಡ್ಕೊಂಡಿದ್ದಾರೆ.”

“ಯಾರ ಕೈ?”

“ಕಳಸ ಹಿಡಿದವರದು.”

ಅವಳ ಬೆರಳು ತಾಳಿಯ ಮೇಲೆ ಹೋಗಿ ನಿಂತಿತು. ತಂಗಿಯ ದನಿ ಇನ್ನೂ ಹರಟುತ್ತಲೇ ಇತ್ತು. ಅವಳು ಅದನ್ನು ಕೊನೆಯವರೆಗೂ ಕೇಳಿದಳು.

“ಎರಡನೇ ಟ್ರ್ಯಾಕಿನ ಹೆಸರು ಬದಲಾಯಿಸೋಕಾಗುತ್ತಾ?”

“ಆಗುತ್ತೆ, ಒಂದೇ ಸಾಲಿನ ಕೆಲಸ. ಏನಂತ ಬರೀಲಿ?”

“ಸವತಿಯ ದನಿ.”