ಎರಡನೆಯ ಕರೆ

"ಕೂಸಪ್ಪಾ!" ಎಂದು ಮಂಜಿನೊಳಗಿಂದ ಯಾರೋ ಕರೆದಾಗ, ಗಡಾಯಿಕಲ್ಲು ಬೆಟ್ಟದ ನೆತ್ತಿಯ ಹಾಳು ಕೋಟೆಯಲ್ಲಿ ಒಬ್ಬನೇ ನಿಂತಿದ್ದ ಕೂಸಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಮನುಷ್ಯರಾದರೆ ಇನ್ನೊಮ್ಮೆ ಕರೆಯುತ್ತಾರೆ. ಸತ್ತವರ ಕುಲೆ ಕರೆಯುವುದು ಒಂದೇ ಸಲ, ಓಗೊಟ್ಟರೆ ಜೀವ ಹೋಯಿತು ಎಂಬುದು ಊರಿಗೇ ಗೊತ್ತು.

ಬೆಳ್ತಂಗಡಿಯ ಹೋಟೆಲಿನಲ್ಲಿ "ನಾನೊಬ್ಬನೇ ಹತ್ತಿ ಬರ್ತೇನೆ" ಎಂದು ಮೀಸೆ ತಿರುವಿದವನು ಈಗ ಟಿಪ್ಪುವಿನ ಕಾಲದ ಮದ್ದುಗುಂಡಿನ ಕೋಣೆಗೆ ನುಗ್ಗಿ, ಹಲ್ಲಿಯ ಹಾಗೆ ಗೋಡೆಗೆ ಅಂಟಿಕೊಂಡ. ಎರಡನೆಯ ಕರೆ ಬರಲೇ ಇಲ್ಲ. ಕತ್ತಲಾದ ಮೇಲೆ ಇಳಿದರೆ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಸಾಯುವುದೇ. ಈಗಲೇ ಇಳಿದರೆ, ಕರೆದದ್ದು ದಾರಿಯಲ್ಲೇ ಕಾಯುತ್ತಿದೆ. ಕೊನೆಗೆ ಕಣ್ಣು ಮುಚ್ಚಿ ಕಿರುಚಿದ: "ಮನುಷ್ಯನಾದ್ರೆ ಇನ್ನೊಮ್ಮೆ ಕರಿ ಮಾರಾಯಾ!"

ಕೋಣೆ ಆ ಮಾತನ್ನು ಗುಡುಗು ಮಾಡಿ ಹೊರಗೆಸೆಯಿತು. ಕೆಳಗೆ ಯಾರೋ ದಡಬಡನೆ ಓಡಿದರು. "ಅಯ್ಯೋ, ಕುಲೆ ಮಾತಾಡ್ತದೆ!" ಅದು ಗೆಳೆಯ ಚಿನ್ನಯ್ಯನ ಗಂಟಲು! ಪಾಪ, ಹುಡುಕಿಕೊಂಡು ಬಂದಿದ್ದಾನೆ! ಕೂಸಪ್ಪನ ಕಾಲಿಗೆ ಜೀವ ಬಂತು. ಮೆಟ್ಟಿಲ ತುದಿಗೆ ಓಡಿ ಬಂದು ಕೂಗಿದ: "ಚಿನ್ನಯ್ಯಾ, ನಿಲ್ಲು!"

ಮಂಜಿನ ಅಡಿಯಿಂದ ನಡುಗುವ ದನಿ ಓಡುತ್ತಲೇ ಉತ್ತರಿಸಿತು: "ಇನ್ನೊಮ್ಮೆ ಕರಿ, ಆಮೇಲೆ ನಿಲ್ತೇನೆ!"