ಎರಡನೇ ಗುಂಡು

ಅಪ್ಪ ತೀರಿಕೊಂಡ ಸುದ್ದಿಯನ್ನು ಊರಿಗೆ ತಿಳಿಸಲು ಪೂಣಚ್ಚ ಅಂಗಳಕ್ಕಿಳಿದು ಕೋವಿ ಎತ್ತಿದ. ಸಾವಾದರೆ ಬೆನ್ನುಬೆನ್ನಿಗೆ ಎರಡು ಗುಂಡು ಹಾರಿಸುವುದು ಕೊಡಗಿನ ಪದ್ಧತಿ. ಮೊದಲನೆಯದು ಹಾರಿತು. ಒಳಗೆ ತುಂಬು ಬಸುರಿ ಸೊಸೆ ಬೆಚ್ಚಿಬಿದ್ದಳು. ಎರಡನೆಯದು ಹಾರಲಿಲ್ಲ. ಖಾಲಿ ತೋಟಾ ಹೊರಬೀಳದೆ ಕೋವಿಯಲ್ಲೇ ಸಿಕ್ಕಿಕೊಂಡಿತ್ತು.

“ಹಳೇ ಆಟೋಮ್ಯಾಟಿಕ್ ಕೋವಿ, ಮದ್ದು ಕಮ್ಮಿ ಇರೋ ಅಗ್ಗದ ತೋಟಾ ಹಾಕ್ಬೇಡ ಅಂತ ಮಾವ ಬಾಯಿ ಬಡ್ಕೊಂಡ್ರು,” ಎಂದಳು ಹೆಂಡತಿ ದೇಚಮ್ಮ.

“ಆಕಾಶಕ್ಕೆ ಹೊಡೆಯೋಕೆ ದುಬಾರಿ ತೋಟಾ ಯಾಕೆ?” ಪೂಣಚ್ಚ ಸ್ಕ್ರೂಡ್ರೈವರ್ ಹಾಕಿ ಮೀಟುತ್ತಲೇ ಇದ್ದ.

ಅಷ್ಟರಲ್ಲಿ ಪಕ್ಕದ ಮನೆಯ ಬೆಳ್ಯಪ್ಪ ಬ್ರಾಂದಿ ಬಾಟಲಿ ಹಿಡಿದು, ನಗುತ್ತಾ ಬಂದರು.

“ಒಂದೇ ಗುಂಡು ಕೇಳ್ತು. ಸೊಸೆಗೆ ಗಂಡುಮಗು ತಾನೇ? ಮುತ್ತಾತನಿಗೆ ತೋರಿಸಿದ್ರಾ?”